ಬೆಳಕಿಗೆ ಬಾಗಿದ ಗಿಡ

"ಕತ್ತರಿ ಹಿಡ್ಕೊಂಡು ಹಾಗೇ ಕೂತ್ರೆ ಹೊಟ್ಟೆ ತುಂಬಲ್ಲ ಕಣೇ. ಕತ್ತರಿಸು," ಎಂದಳು ಗೆಳತಿ.

ನಮ್ಮಿಬ್ಬರ ನಡುವೆ ಮೇಜಿನ ಮೇಲೆ ಮೊಳದುದ್ದದ ಮರದ ತೊಟ್ಟಿ. ಅದರಲ್ಲಿ ಪಾಲಕ್, ಸಾಸಿವೆ, ಲೆಟ್ಯೂಸ್ ಇನ್ನೂ ಬೆಳೆಯುತ್ತ ನಿಂತಿದ್ದವು. ಈ ಹೋಟೆಲಿನ ಹೆಗ್ಗಳಿಕೆಯೇ ಅದು. ಹಿಂದಿನ ತೋಟದಲ್ಲಿ ಬೆಳೆದದ್ದು ಬೇರುಸಮೇತ ಮೇಜಿಗೆ ಬರುತ್ತದೆ. ಬೇಕಾದ ಎಲೆಯನ್ನು ನಾವೇ ಕತ್ತರಿಸಿ ತಟ್ಟೆಗೆ ಹಾಕಿಕೊಳ್ಳಬೇಕು.

ಒಂಬತ್ತು ದಿನದ ಹಿಂದೆ ಈ ಹೋಟೆಲಿನ ಪಾಲುದಾರ ತಾನು ದಿನಾ ಕೂರುವ ಏಳನೇ ಟೇಬಲಿನಲ್ಲಿ ಹಾಗೆಯೇ ಕತ್ತರಿಸಿ ತಿಂದು ಸತ್ತ. ಅವನ ತೊಟ್ಟಿಯಲ್ಲಿ ಪಾಲಕ್ ನಡುವೆ ಒಂದು ವಿಷದ ಉಮ್ಮತ್ತಿ ಗಿಡವಿತ್ತು. ತೊಟ್ಟಿಗಳನ್ನು ಬೆಳೆಸುವವನು ನನ್ನ ಮೈದುನ. ಹಿಂದಿನ ದಿನ ಪಾಲುದಾರ ಎಲ್ಲರೆದುರು ಅವನಿಗೆ ಬೈದಿದ್ದ. ಪೊಲೀಸರಿಗೆ ಅಷ್ಟು ಸಾಕಾಯಿತು, ಅಂದೇ ಹಿಡಿದು ಕಸ್ಟಡಿಗೆ ತೆಗೆದುಕೊಂಡರು. ಅದರ ಅವಧಿ ಮುಗಿದು ಇವತ್ತು ಸಂಜೆ ಐದಕ್ಕೆ ಅವನನ್ನು ಕೊಲೆಗಾರನೆಂದು ಕೋರ್ಟಿನ ಮುಂದೆ ನಿಲ್ಲಿಸುತ್ತಾರೆ.

ಗೋಡೆ ಗಡಿಯಾರದಲ್ಲಿ ಒಂದೂ ಮುಕ್ಕಾಲು.

"ನಿನಗೆ ಹೆದರಿಕೆ ಆಗಲ್ವಾ?" ಎಂದೆ.

"ಯಾಕೆ ಹೆದರಲಿ? ಇಷ್ಟು ದಿನದ ಮೇಲೆ ಇವತ್ತು ಬಾಗಿಲು ತೆಗ್ದಿದ್ದಾರೆ. ಒಂದೊಂದು ಎಲೇನೂ ನಾಲ್ಕು ಜನ ಮೂಸಿ ನೋಡಿ ಕಳಿಸಿರ್ತಾರೆ. ಇವತ್ತಿನ ಮಟ್ಟಿಗೆ ನಮ್ಮ ಅಡುಗೆಮನೆಗಿಂತ ಇದೇ ವಾಸಿ."

ಅವಳು ನ್ಯಾಪ್ಕಿನ್ ಕೊಡವಿ ಬೆಳಕಿಗೆ ಹಿಡಿದಳು. ತಿನ್ನುವ ಮೊದಲು ಬಟ್ಟೆ ನೋಡುವುದು ಅವಳ ಚಾಳಿ. ಲಾಂಡ್ರಿ ನಡೆಸುತ್ತಾಳೆ. ದಿನಾ ಬೆಳಗ್ಗೆ ಏಳಕ್ಕೆ ಹಿಂಬಾಗಿಲಿನಿಂದ ಬಂದು ಇಲ್ಲಿನ ಮೇಜುಗಳ ಮೇಲೆ, ಆಗಲೇ ತಂದಿಟ್ಟ ತೊಟ್ಟಿಗಳ ಪಕ್ಕ, ಒಗೆದ ಬಟ್ಟೆ ಇಟ್ಟು, ಕೊಳೆ ಬಟ್ಟೆಯ ಗಂಟು ಒಯ್ಯುತ್ತಾಳೆ. ಇಲ್ಲಿ ಎಲ್ಲರ ಬಾಯಲ್ಲೂ ಅವಳು 'ಲಾಂಡ್ರಿ ಅಕ್ಕ'. ನಮಗೆ ಟೇಬಲ್ ಸಿಕ್ಕಿದ್ದೂ ಅವಳ ದೆಸೆಯಿಂದಲೇ.

"ಅಂಚು ನೋಡು. ಕೆಂಪು ದಾರದ ಮೂರು ಗೀಟು. ಅಂದ್ರೆ ಮೂರನೇ ಟೇಬಲ್. ಒಂದು ಟೇಬಲಿನ ಬಟ್ಟೆ ಇನ್ನೊಂದಕ್ಕೆ ಹೋಗಬಾರ್ದು ಅಂತ ನಾನೇ ಕೂತು ಹೊಲಿದಿದ್ದು."

ನಾನು ಲಕೋಟೆಯಿಂದ ಫೋಟೋ ತೆಗೆದೆ.

"ಊಟದ ಮೇಜಿನ ಮೇಲೆ ಅದನ್ನ ಇಡಬೇಡ್ವೇ."

ಇಟ್ಟೆ. ಗಿಡ ಎಲ್ಲಿಂದ ಬಂತೆಂದು ತಿಳಿದರೆ ಹೇಳಿ ಎಂದು ಇನ್ಸ್‌ಪೆಕ್ಟರ್ ನಿನ್ನೆ ಕೊಟ್ಟ ಪ್ರತಿ. ಕಿತ್ತ ಉಮ್ಮತ್ತಿ ಗಿಡವನ್ನು ಸ್ಟೀಲ್ ಸ್ಕೇಲಿನ ಪಕ್ಕ ಮಲಗಿಸಿ ತೆಗೆದದ್ದು. ಗೇಣುದ್ದ. ಕೆಳಗಿನ ನಾಲ್ಕು ಎಲೆ ಕತ್ತರಿಸಿ ಹೋಗಿವೆ. ಕಾಂಡ ಬುಡದಿಂದ ತುದಿಯವರೆಗೆ ಒಂದೇ ಕಡೆಗೆ ಬಿಲ್ಲಿನ ಹಾಗೆ ಬಾಗಿದೆ.

ನಾನು ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಒಂದು ಹಿಡಿ ಬೀಜದಲ್ಲಿ ಇರಬಾರದ್ದು ಏನಿದೆ ಎಂದು ಹುಡುಕುವುದು ನನ್ನ ಕೆಲಸ. ಗಂಡ ತೀರಿಕೊಂಡ ಈ ಎಂಟು ತಿಂಗಳಲ್ಲಿ ನಾನು ಸರಿಯಾಗಿ ಮಾಡಿದ್ದು ಅದೊಂದನ್ನೇ.

"ಈ ತೊಟ್ಟಿ ನೋಡು," ಎಂದೆ. "ಒಂದು ಗಿಡವಾದ್ರೂ ಬಾಗಿದೆಯಾ?"

"ಇಲ್ಲ. ಸ್ಕೂಲ್ ಮಕ್ಕಳ ಸಾಲಿನ ಥರ ನಿಂತಿವೆ."

"ತೊಟ್ಟಿಗಳು ತೋಟದ ಗೋಡೆ ಬದಿ ಇರ್ತವೆ. ದಿನಾ ಬೆಳಗ್ಗೆ ಆರಕ್ಕೆ ಮೈದುನ, ಈಗ ಅವನ ಬದಲು ಬಂದವನು, ಪ್ರತಿ ತೊಟ್ಟಿಯನ್ನೂ ಅರ್ಧ ಸುತ್ತು ತಿರುಗಿಸ್ತಾನೆ. ಗಿಡ ಬೆಳಕಿನ ಕಡೆ ಬಾಗುತ್ತೆ, ತಿರುಗಿಸಿದ್ರೆ ನೆಟ್ಟಗಿರುತ್ತೆ. ಈ ಉಮ್ಮತ್ತಿಯನ್ನ ಯಾರೂ ತಿರುಗಿಸಿಲ್ಲ. ಇದು ಇಲ್ಲಿ ಬೆಳೆದದ್ದಲ್ಲ. ಒಂದೇ ಕಡೆಯಿಂದ ಬೆಳಕು ಬರೋ ಜಾಗದಲ್ಲಿ, ವಾರಗಟ್ಟಲೆ, ಕಿಟಕಿ ಹತ್ರ ಬೆಳೆದಿದೆ."

ಗೆಳತಿ ಫೋಟೋವನ್ನು ಬೆರಳ ತುದಿಯಿಂದ ನನ್ನ ಕಡೆ ತಳ್ಳಿದಳು.

"ಹಾಗಾದ್ರೆ ಕಿಟಕಿ ಇರೋರೆಲ್ಲ ಕೊಲೆಗಾರರು. ನಮ್ಮನೇಲೂ ಒಂದಿದೆ, ಇರೋದೇ ಒಂದು. ನನ್ನನ್ನೂ ಒಳಗೆ ಹಾಕಿಸು, ಇಸ್ತ್ರಿ ಕೆಲಸ ತಪ್ಪುತ್ತೆ."

"ನಾನು ಗಿಡದ ವಿಷಯ ಹೇಳ್ತಿದ್ದೀನಿ."

"ಗಿಡದ ವಿಷಯ ನೀನು ಹೇಳ್ಬೇಡಮ್ಮ. ನಿನ್ನ ಗಂಡನ ಕುಂಡಗಳನ್ನ ಉಳಿಸಿದ್ದು ಯಾರು?"

ಅದು ನಿಜ. ಅವನು ಹೋದ ಮೇಲೆ ನಾನು ಒಂದು ಕುಂಡಕ್ಕೂ ನೀರು ಹಾಕಲಿಲ್ಲ. ಬಾಲ್ಕನಿಯಲ್ಲಿ ಹನ್ನೊಂದಿದ್ದವು. ಮಣ್ಣಿಗೆ ಮುಂಚೆ ತಳದಲ್ಲಿ ಒಡೆದ ಕಪ್ಪು, ಬಸಿಗಳ ಚೂರು ಹಾಕುತ್ತಿದ್ದ, ನೀರು ಇಳಿಯಲಿ ಎಂದು. ಎಲ್ಲ ಒಣಗತೊಡಗಿದಾಗ ಗೆಳತಿ ಐದನ್ನು ಹೊತ್ತುಕೊಂಡು ಹೋದಳು. ಉಳಿದ ಆರನ್ನು ಮೈದುನ ಈ ತೋಟದ ಗಾಜಿನ ಮನೆಗೆ ತಂದ. ಅವನು ಮಲಗುವುದೂ ಅಲ್ಲೇ.

ಮೈದುನನಿಗೆ ಈ ಕೆಲಸ ಕೊಟ್ಟವನು ಪಾಲುದಾರನೇ. ಗಂಡ ತೀರಿಕೊಂಡ ತಿಂಗಳಿಗೆ ತಾನಾಗಿ ನಮ್ಮ ಮನೆ ಹುಡುಕಿಕೊಂಡು ಬಂದಿದ್ದ. ನಮ್ಮ ವಿಷಯ ಅವನಿಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಆಗ ನಾನು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

ಬ್ರೆಡ್ ಬಂತು. ಒಲೆಯಿಂದ ಈಗಷ್ಟೇ ತೆಗೆದದ್ದು. ಮುರಿದು ಬಾಯಿಗಿಟ್ಟೆ.

ಹಲ್ಲಿನಡಿ ಏನೋ ಕಿರ್ ಎಂದಿತು.

ಬೆರಳಿಂದ ತೆಗೆದು ತಟ್ಟೆಯ ಅಂಚಿನಲ್ಲಿಟ್ಟೆ. ಬೂದು ಬಣ್ಣದ ಒಂದು ಕಣ. ಆಮೇಲೆ ತೊಟ್ಟಿಯೊಳಗೆ ಬೆರಳಿಳಿಸಿ ಮಣ್ಣು ತೆಗೆದು ಅದರ ಪಕ್ಕದಲ್ಲಿಟ್ಟೆ. ಅದೇ ಬೂದು. ಅದೇ ಹಗುರ. ಮೂಸಿದರೆ ಸುಟ್ಟ ವಾಸನೆ.

"ಥೂ, ಏನೇ ಅದು?"

"ಉತ್ತರ," ಎಂದೆ. ವೇಟರನ್ನು ಕರೆದು, ಶೆಫ್ ಒಮ್ಮೆ ಬಂದು ಹೋಗಬೇಕೆಂದು ಹೇಳಿದೆ.

ಶೆಫ್ ಏಪ್ರನ್ನಿಗೆ ಕೈ ಒರೆಸುತ್ತ ಬಂದ. ದಪ್ಪ ಆಳು, ತೋಳಿನ ತುಂಬ ಒಲೆಯ ಸುಟ್ಟ ಗುರುತು. ಹೋಟೆಲಿನ ಇನ್ನರ್ಧ ಅವನದು. ಪಾಲುದಾರನ ಜೊತೆ ಅವನು ತಿಂಗಳಿಂದ ಮಾತು ಬಿಟ್ಟಿದ್ದನೆಂದು ಎಲ್ಲರೂ ಹೇಳುತ್ತಿದ್ದರು. ನನ್ನ ಅನುಮಾನದ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ ಇತ್ತು.

"ಲಾಂಡ್ರಿ ಅಕ್ಕ, ಊಟ ಸರಿ ಇದೆಯಾ?"

"ನನಗೇನೋ ಸರಿ ಇದೆ. ಇವಳಿಗೆ ಮಣ್ಣು ಸಿಕ್ಕಿದೆ," ಎಂದಳು ಗೆಳತಿ.

ಶೆಫ್ ತಟ್ಟೆಯ ಅಂಚು ನೋಡಿದ. ನಗು ಅರ್ಧಕ್ಕೆ ನಿಂತಿತು.

"ತರಕಾರಿ ತೊಳೆಯೋವಾಗ ಒಂದೊಂದು ಸಲ…"

"ಇದು ಬ್ರೆಡ್ಡಿನಲ್ಲಿ ಸಿಕ್ಕಿದ್ದು. ನೀವು ಬ್ರೆಡ್ ಒಲೆಯಲ್ಲಿ ಮಣ್ಣು ಬೇಯಿಸ್ತೀರಾ."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಮ್ಮ ಲ್ಯಾಬಿನಲ್ಲೂ ಬೇಯಿಸ್ತೀವಿ, ಕಳೆ ಬೀಜ ಸಾಯ್ಲಿ ಅಂತ. ಮಣ್ಣು ಬೂದಿ ಬಣ್ಣಕ್ಕೆ ತಿರುಗುತ್ತೆ. 'ತೊಟ್ಟಿಯಲ್ಲಿ ಒಂದು ಕಳೆಯೂ ಇಲ್ವಲ್ಲೋ' ಅಂತ ನಿನ್ನೆ ಲಾಕಪ್ಪಿನಲ್ಲಿ ಮೈದುನನ್ನ ಕೇಳಿದೆ. 'ಅದೊಂದು ಕೇಳ್ಬೇಡಿ ಅತ್ತಿಗೆ, ಮಾತು ಕೊಟ್ಟಿದ್ದೀನಿ' ಅಂದ. ಯಾರಿಗೆ ಮಾತು ಕೊಟ್ಟಿದ್ದು?"

ಅವನು ಸುತ್ತ ನೋಡಿದ. ಪಕ್ಕದ ಟೇಬಲಿನಲ್ಲಿ ವಯಸ್ಸಾದ ದಂಪತಿ ಯಾವ ಎಲೆ ಕತ್ತರಿಸುವುದೆಂದು ವಾದ ಮಾಡುತ್ತಿದ್ದರು. ಅವನು ಕುರ್ಚಿ ಎಳೆದು ಕೂತ. ಧ್ವನಿ ಇಳಿಸಿದ.

"ಸೋಮವಾರ ಹೋಟೆಲ್ ರಜೆ. ಒಲೆ ಸುಮ್ನೆ ಬಿಸಿ ಇರುತ್ತೆ. ಮಣ್ಣನ್ನ ತಟ್ಟೆಗೆ ಹರಡಿ ಒಳಗೆ ತಳ್ತೀವಿ. ನನಗೂ ನಿಮ್ಮ ಮೈದುನನಿಗೂ ಬಿಟ್ರೆ ಮೂರನೆಯವರಿಗೆ ಗೊತ್ತಿಲ್ಲ. ಆರೋಗ್ಯ ಇಲಾಖೆಯವರಿಗೆ ತಿಳಿದ್ರೆ ಲೈಸೆನ್ಸ್ ಕಿತ್ಕೋತಾರೆ. ಊಟದ ಒಲೆಯಲ್ಲಿ ಮಣ್ಣು, ಅದೂ ಗೊಬ್ಬರದ ಮಣ್ಣು. ನೀವೇ ಹೇಳಿ ಮೇಡಂ, ಬಾಯಿ ಬಿಡೋಕಾಗುತ್ತಾ?"

"ಅವನು ಬಿಡಲಿಲ್ಲ. ಲಾಕಪ್ಪಿನಲ್ಲಿ ಒಂಬತ್ತು ದಿನ ಕೂತೂ ಬಿಡಲಿಲ್ಲ."

ಶೆಫ್ ತಲೆ ತಗ್ಗಿಸಿದ.

"ಒಳ್ಳೆ ಹುಡುಗ," ಎಂದ.

"ಒಳ್ಳೆ ಹುಡುಗ ಅಂತ ಇಲ್ಲಿ ಹೇಳಿದ್ರೆ ಏನು ಬಂತು? ಸ್ಟೇಷನ್ನಿನಲ್ಲಿ ಹೇಳಿ."

"ಮಣ್ಣಿಗೂ ಕೊಲೆಗೂ ಏನು ಸಂಬಂಧ?"

"ಉಮ್ಮತ್ತಿಯನ್ನ ಪಾಲಕ್ ನಡುವೆ ನೆಟ್ಟವರು ಅದು ಕಳೆಯ ಹಾಗೆ ಕಾಣ್ಲಿ, ತಾನಾಗಿ ಹುಟ್ಟಿದ್ದು ಅಂತ ಜನ ನಂಬಲಿ ಅಂತ ನೆಟ್ಟಿದ್ದಾರೆ. ಈ ಮಣ್ಣಿನಲ್ಲಿ ಕಳೆ ಹುಟ್ಟೋಲ್ಲ ಅಂತ ಗೊತ್ತಿರೋರು ಇಬ್ಬರೇ. ನೀವು ಮತ್ತೆ ಅವನು. ಗೊತ್ತಿದ್ದೋರು ಅಂಥ ಕೆಲಸಕ್ಕೆ ಕೈ ಹಾಕ್ತಾರಾ? ಇದು ಗೊತ್ತಿಲ್ಲದವರು ಮಾಡಿರೋದು. ನೀವು ಒಂದು ಹಾಳೆ ಬರೆದುಕೊಟ್ರೆ ಅವನು ಉಳೀತಾನೆ. ಜೊತೆಗೆ ನೀವೂ ಉಳೀತೀರಿ."

"ಹೋಟೆಲ್ ಮುಚ್ಚಿಸ್ತಾರೆ."

"ಮುಚ್ಚಿಸಬಹುದು."

"ಇಪ್ಪತ್ತೆರಡು ವರ್ಷ ಕಂಡವರ ಅಡುಗೆಮನೆಯಲ್ಲಿ ಬೆಂದು ಇದನ್ನ ಕಟ್ಟಿದ್ದೀನಿ ಮೇಡಂ."

"ಅವನಿಗೆ ಇಪ್ಪತ್ತಾರು ವರ್ಷ. ಅವನನ್ನ ಬಿಟ್ರೆ ನಮ್ಮ ಮನೇಲಿ ಈಗ ಯಾರೂ ಇಲ್ಲ. ಈ ಮಾತನ್ನ ನಾನು ಎರಡನೇ ಸಲ ಹೇಳಲ್ಲ. ಆದ್ರೆ ಹಾಳೆ ಬರೆಯೋ ತನಕ ಈ ಕುರ್ಚಿಯಿಂದ ಏಳೋದೂ ಇಲ್ಲ."

ಗೆಳತಿ ನ್ಯಾಪ್ಕಿನ್ನನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ನಾಲ್ಕು ಮಡಿಕೆ ಮಾಡುತ್ತಿದ್ದಳು.

ಶೆಫ್ ತಟ್ಟೆಯ ಅಂಚಿನ ಕಣವನ್ನು ಬೆರಳಿಂದ ಒತ್ತಿ ಪುಡಿ ಮಾಡಿದ.

"ನನ್ನ ಪಾಲುದಾರನಿಗೂ ನನಗೂ ಆಗ್ತಿರಲಿಲ್ಲ, ಒಪ್ಪಿದೆ," ಎಂದ. "ಆದ್ರೆ ಆವತ್ತು ಅವನನ್ನ ಕಾರಿಗೆ ಎತ್ತಿ ಹಾಕಿದ್ದು ನಾನೇ. ಮಾತಾಡ್ತಾ ಆಡ್ತಾ ಎಲೆ ಕತ್ತರಿಸ್ಕೋತಾನೆ, ಯಾವತ್ತೂ ತೊಟ್ಟಿ ಕಡೆ ನೋಡಲ್ಲ, ಎದುರಿಗೆ ಕೂತವರನ್ನೇ ನೋಡ್ತಾನೆ. ಅರ್ಧ ಗಂಟೆ ಆಗಿತ್ತೋ ಏನೋ. 'ಬಾಯಿ ಹತ್ತಿ ಥರ ಒಣಗ್ತಿದೆ, ನೀರು ಕೊಡಿ' ಅಂದ. ಆಮೇಲೆ 'ಪರದೆ ಎಳೀರಿ, ಬೆಳಕು ಕಣ್ಣಿಗೆ ಚುಚ್ತಿದೆ' ಅಂತ ಕೂಗೋಕೆ ಶುರು ಮಾಡ್ದ. ಹೊರಗೆ ಮೋಡ ಮುಚ್ಚಿತ್ತು ಮೇಡಂ. ಬೆಳಕೇ ಇರಲಿಲ್ಲ."

ಬಾಯಿ ಹತ್ತಿ ಥರ.

ಆ ಮಾತನ್ನು ನಾನು ಇನ್ನೊಂದು ಧ್ವನಿಯಲ್ಲಿ ಕೇಳಿದ್ದೆ. ಫೋನಿನಲ್ಲಿ. ಜಮೀನು ಅಳೆಯಲು ಹೋಗಿದ್ದ ನನ್ನ ಗಂಡ ಬಸ್ಸಿನಿಂದ ಕರೆ ಮಾಡಿದ್ದ. ಬಿಸಿಲಿಗೆ ಹಾಗಾಗಿದೆ, ಮನೆಗೆ ಬಂದು ಮಲಗು ಎಂದಿದ್ದೆ. ಅವನು ಬಸ್ಸಿನಿಂದ ಇಳಿಯಲಿಲ್ಲ. ಮೂವತ್ತನಾಲ್ಕನೇ ವಯಸ್ಸಿಗೂ ಹೃದಯ ನಿಲ್ಲುವುದುಂಟು ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯವರು ಅವನ ಸಾಮಾನನ್ನು ಚೀಲಕ್ಕೆ ಹಾಕಿ ಕೊಟ್ಟರು. ಟೇಪು, ಪೆನ್ನು, ಕನ್ನಡಕ. ಕರ್ಚೀಫು ಒಂದಿರಲಿಲ್ಲ.

ಆ ನೆನಪನ್ನು ಬದಿಗೆ ಸರಿಸಿದೆ. ಎಂಟು ತಿಂಗಳಿಂದ ಅದನ್ನು ಬದಿಗೆ ಸರಿಸುವುದು ಅಭ್ಯಾಸವಾಗಿದೆ. ಐದು ಗಂಟೆಗೆ ಇನ್ನು ಮೂರು ಗಂಟೆಯೂ ಇರಲಿಲ್ಲ.

"ಏಳನೇ ಟೇಬಲಿನ ತೊಟ್ಟಿ ಎಲ್ಲಿದೆ?"

"ಹಿಂದಿನ ಕೋಣೇಲಿ. ಪೊಲೀಸರು ಗಿಡ ಕಿತ್ಕೊಂಡು ಹೋದ್ರು. ಮಣ್ಣು ಯಾರಿಗೆ ಬೇಕು?"

"ನನಗೆ ಬೇಕು. ತರಿಸಿ."

"ಬೇಡ್ವೇ," ಎಂದಳು ಗೆಳತಿ ತಟ್ಟನೆ. "ಊಟ ಮಾಡೋ ಜಾಗದಲ್ಲಿ ಸತ್ತವನ ಮಣ್ಣು ಯಾಕೆ? ಅವರು ಬರೆದುಕೊಡ್ತಾರಲ್ಲ, ಅಷ್ಟು ಸಾಕು. ಎದ್ದೇಳು, ಸ್ಟೇಷನ್ನಿಗೆ ಹೋಗೋಣ."

"ಬರೆದುಕೊಟ್ರೆ ಮೈದುನ ಅಲ್ಲ ಅಂತ ಆಗುತ್ತೆ. ಯಾರು ಅಂತ ಆಗಬೇಕಲ್ಲ."

ವೇಟರ್ ತೊಟ್ಟಿ ತಂದು ಹಳೆಯ ಪೇಪರಿನ ಮೇಲಿಟ್ಟ. ಪಾಲಕ್ ಒಣಗಿ ಬಿದ್ದಿತ್ತು. ನಡುವೆ ಉಮ್ಮತ್ತಿ ಕಿತ್ತ ಗುಂಡಿ. ನಾನು ಸುತ್ತಲಿನ ಬೂದು ಮಣ್ಣನ್ನು ಚಮಚದಿಂದ ಮೆಲ್ಲಗೆ ಬಿಡಿಸಿದೆ. ಗುಂಡಿಯ ಗೋಡೆಯಲ್ಲಿ ಬೇರೆ ಮಣ್ಣು ಅಂಟಿಕೊಂಡಿತ್ತು. ಕೆಂಪು. ಮುಷ್ಟಿ ಗಾತ್ರದ ಒಂದು ಹೆಂಟೆ ಇನ್ನೂ ಮುರಿಯದೆ ತಳದಲ್ಲಿ ಕೂತಿತ್ತು, ಮಧ್ಯದಲ್ಲಿ ಬೇರಿನ ಜಾಡು.

"ಕೆಂಪು ಮಣ್ಣು!" ಎಂದ ಶೆಫ್. "ನಮ್ಮ ತೋಟದ ನೆಲದಲ್ಲಿ ಹಿಡಿಯಷ್ಟೂ ಇಲ್ಲ ಮೇಡಂ. ಇದು ಯಾರದೋ ಕುಂಡದ್ದು."

"ಅದನ್ನೂ ಬರೀರಿ," ಎಂದೆ.

ಅವನು ಎದ್ದ. ಎರಡು ಹೆಜ್ಜೆ ಹೋಗಿ ತಿರುಗಿದ.

"ಬರೀತೀನಿ. ಒಲೆ ವಿಷಯಾನೂ. ಹತ್ತು ನಿಮಿಷ ಕೊಡಿ."

ಅವನು ಅಡುಗೆಮನೆಗೆ ಹೋದ ಮೇಲೆ ಹೆಂಟೆಯನ್ನು ಬೆರಳಿಂದ ಒಡೆದೆ. ಗಟ್ಟಿಯಾದದ್ದೇನೋ ತಗುಲಿತು. ಕಲ್ಲೆಂದುಕೊಂಡೆ. ಉಜ್ಜಿದೆ.

ಹೊಳೆಯಿತು.

ಬಿಳಿ ಪಿಂಗಾಣಿಯ ಚೂರು, ಉಗುರಿನಷ್ಟು. ಮೇಲೆ ನೀಲಿ ಮೀನಿನ ಬಾಲ.

ಮದುವೆಯಾದ ವಾರದಲ್ಲೇ ಆ ಕಪ್ಪನ್ನು ಒಡೆದವಳು ನಾನು. ನನ್ನ ಗಂಡನಿಗೆ ಇಷ್ಟದ ಕಪ್ಪು. ಅಳುತ್ತ ನಿಂತಿದ್ದಾಗ ಅವನು ನೆಲದಲ್ಲಿ ಕೂತು ಚೂರುಗಳನ್ನು ಆರಿಸಿ, 'ಬಿಡು, ಕುಂಡದ ತಳಕ್ಕೆ ಆಗುತ್ತೆ' ಎಂದಿದ್ದ.

ಮುಷ್ಟಿ ಮುಚ್ಚಿದೆ.

ಹನ್ನೊಂದು ಕುಂಡ. ಆರು ಮೈದುನನ ಹತ್ತಿರ. ಗಾಜಿನ ಮನೆಯಲ್ಲಿ. ಅಲ್ಲಿ ಸೂರೂ ಗಾಜು, ಗೋಡೆಯೂ ಗಾಜು. ಬೆಳಕು ಎಲ್ಲ ಕಡೆಯಿಂದ ಬೀಳುತ್ತದೆ. ಅಲ್ಲಿ ಬೆಳೆದ ಗಿಡ ಬಾಗುವುದಿಲ್ಲ.

ಉಳಿದ ಐದು ಒಂದೇ ಕಿಟಕಿಯ ಮನೆಯಲ್ಲಿದ್ದವು.

"ಕೈಯಲ್ಲೇನೇ?" ಎಂದಳು ಗೆಳತಿ.

ಏನೂ ಇಲ್ಲ ಎನ್ನಬಹುದಿತ್ತು. ಎಂಟು ತಿಂಗಳಿಂದ ಯಾರು ಏನು ಕೇಳಿದರೂ ಅದನ್ನೇ ಹೇಳಿದ್ದೆ. ಮುಷ್ಟಿ ಬಿಚ್ಚಿ ಚೂರನ್ನು ಅವಳ ತಟ್ಟೆಯ ನಡುವೆ ಇಟ್ಟೆ.

ಅವಳಿಗೆ ಆಶ್ಚರ್ಯವಾಗಲಿಲ್ಲ. ನನಗೆ ಭಯವಾದದ್ದು ಅದರಿಂದ.

"ಕಳೆ ಅಂತ ಬಿಟ್ಟುಬಿಡ್ತಾರೆ ಅಂದ್ಕೊಂಡಿದ್ದೆ," ಎಂದಳು ನಿಧಾನವಾಗಿ. "ಮಣ್ಣು ಬೇಯಿಸ್ತಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು? ನಿನ್ನ ಮೈದುನನ ತಲೆ ಮೇಲೆ ಬಂದ ದಿನದಿಂದ ನಾನು ನಿದ್ದೆ ಮಾಡಿಲ್ಲ ಕಣೇ."

"ಯಾಕೆ?" ಎಂದೆ. "ಪಾಲುದಾರ ನಿನಗೇನು ಮಾಡಿದ್ದ?"

"ನನಗೇನೂ ಮಾಡಿಲ್ಲ."

ಅವಳು ಕೈಚೀಲ ತೆರೆದು ಏನೋ ತೆಗೆದಳು. ಒಗೆದು ಇಸ್ತ್ರಿ ಮಾಡಿದ ಬಿಳಿ ಚೌಕ, ನಾಲ್ಕು ಮಡಿಕೆ. ಅದನ್ನು ಚೂರಿನ ಪಕ್ಕದಲ್ಲಿಟ್ಟಳು. ಮೂಲೆಯಲ್ಲಿ ಹಸಿರು ದಾರದ ಎರಡು ಎಲೆ. ಒಂದು ಎಲೆ ಸೊಟ್ಟ. ನಾನು ಹೊಲಿದದ್ದು. ಸೊಟ್ಟಗಿರುವುದೇ ಚೆಂದ ಎಂದು ಗಂಡ ಬಿಚ್ಚಲು ಬಿಟ್ಟಿರಲಿಲ್ಲ.

"ನಿನ್ನ ಗಂಡ ಹೋದ ಮಾರನೇ ದಿನ ಕೊಳೆ ಬಟ್ಟೆ ಗಂಟಿನಲ್ಲಿ ಬಂತು," ಎಂದಳು. "ಏಳು ಗೀಟಿನ ನ್ಯಾಪ್ಕಿನ್ ಒಳಗೆ ಸುತ್ಕೊಂಡಿತ್ತು. ನಿನ್ನ ಗಂಡ ಆವತ್ತು ಇಲ್ಲಿ ಊಟ ಮಾಡಿದ್ರಾ ಅಂತ ಪಾಲುದಾರನನ್ನ ಕೇಳಿದೆ. 'ನನ್ನ ಜಮೀನು ಅಳೀತಿದ್ದ ಸರ್ವೆಯವನಾ? ಅವನು ಈ ಹೋಟೆಲಿಗೆ ಕಾಲೇ ಇಟ್ಟಿಲ್ಲ' ಅಂದ. ಆ ಸುಳ್ಳು ಕೇಳಿ, ಫೋನಿನಲ್ಲಿ ಅವನು 'ಬಾಯಿ ಹತ್ತಿ ಥರ' ಅಂದಿದ್ದನ್ನ ನೀನು ಹೇಳಿದ್ದು ನೆನಪಾಯ್ತು, ಉಮ್ಮತ್ತಿ ಹಾಕಿದ್ದಾನೆ ಅಂತ ಗೊತ್ತಾಯ್ತು. ಕರ್ಚೀಫು ನನ್ನ ಚೀಲದಲ್ಲೇ ಇತ್ತು. ಅವನಿಗೆ ತೋರಿಸಲಿಲ್ಲ. ನಿನಗೂ ತೋರಿಸಲಿಲ್ಲ. ಆಗ ನೀನು ಅನ್ನದ ಮುಂದೆ ಕೂತು ಅನ್ನ ಯಾವುದು ಅಂತ ಕೇಳ್ತಿದ್ದೆ."

ನನ್ನ ಗಂಡ ಕೊನೆಯ ಊಟ ಮಾಡಿದ್ದು ಇಲ್ಲಿ. ಏಳನೇ ಟೇಬಲಿನಲ್ಲಿ. ನೋಡಿದರೆ ಕಾಣುವಷ್ಟು ಹತ್ತಿರ, ಕಿಟಕಿ ಪಕ್ಕ, ಈಗ ಖಾಲಿ.

ಫೋನು ಮೇಜಿನ ಮೇಲೆ ಗುರ್ ಎಂದಿತು. ಇನ್ಸ್‌ಪೆಕ್ಟರ್.

ಅಡುಗೆಮನೆ ಬಾಗಿಲಲ್ಲಿ ಶೆಫ್ ಕೈಯಲ್ಲಿ ಹಾಳೆ ಹಿಡಿದು ಬರುತ್ತಿದ್ದ. ಗೆಳತಿ ಎರಡೂ ಕೈಯನ್ನು ಮೇಜಿನ ಮೇಲಿಟ್ಟು ಕೂತಳು, ಓಡುವವಳ ಹಾಗೆ ಕಾಣಲಿಲ್ಲ.

"ಎತ್ತು," ಎಂದಳು. "ಏನು ಹೇಳ್ಬೇಕು ಅಂತ ನಾನು ಹೇಳಲ್ಲ."

ಎತ್ತಿದೆ.

"ಮೇಡಂ, ನಾವಿನ್ನು ಹೊರಡಬೇಕು. ಗಿಡ ಎಲ್ಲಿಂದ ಬಂತು ಅಂತ ಏನಾದ್ರೂ ಗೊತ್ತಾಯ್ತಾ?"

"ಗೊತ್ತಾಯ್ತು," ಎಂದೆ.

ಗೆಳತಿ ಕಣ್ಣು ಮುಚ್ಚಿಕೊಂಡಳು.

"ಹೇಳಿ, ಬರ್ಕೋತೀನಿ."

ನಾನು ಕರ್ಚೀಫನ್ನು ಎತ್ತಿ ಮಡಿಲಿಗೆ ಹಾಕಿಕೊಂಡೆ.

"ಮೊದಲು ಇದನ್ನ ಬರ್ಕೊಳ್ಳಿ. ಏಳನೇ ಟೇಬಲಿನಲ್ಲಿ ಊಟ ಮಾಡಿ ಸತ್ತವರು ಒಬ್ಬರಲ್ಲ. ಇಬ್ಬರು."